ಹೋಟೆಲಿನೊಳಗೊಂದು ಅಡುಗೆಮನೆ

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆ ಇಂದು ಕೈಗಾರಿಕಾ ಪ್ರದೇಶವೆಂದೇ ಹೆಸರಾಗಿದೆ. ಅಲ್ಲಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳನ್ನು ಜೋಡಿಸುವ ಕೆಲಸಕ್ಕೆ ನನ್ನ ಸೋದರಳಿಯನು ಹೊರದೇಶದಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದನು. ಅಷ್ಟು ಅಲ್ಪಾವಧಿಗೆ ಬಾಡಿಗೆ ಮನೆ ದೊರೆಯುವುದು ಕಷ್ಟವಾದುದರಿಂದ ಕಂಪನಿಯವರು ಅವನ ಕುಟುಂಬವನ್ನು ಬೆಂಗಳೂರಿನ ಪೂರ್ವಭಾಗದ ಐಷಾರಾಮಿ ಹೋಟೆಲೊಂದರ ಸರ್ವಿಸ್ಡ್ ಅಪಾರ್ಟ್‌ಮೆಂಟಿನಲ್ಲಿ ಇರಿಸಿದರು. ಕಳೆದ ಕಾರ್ತಿಕ ಮಾಸದಲ್ಲಿ ಅವನ ಒತ್ತಾಯಕ್ಕೆ ಮಣಿದು ನಾನೂ ನನ್ನ ಮನೆಯವರೂ ಐದು ದಿನ ಅಲ್ಲಿ ತಂಗಿದ್ದೆವು.

ಹೀಗೆ ದೀರ್ಘಕಾಲ ತಂಗುವವರ ವಸತಿ ಬೆಂಗಳೂರಿಗೆ ಹೊಸತಲ್ಲ. ಇಂದಿನ ವೆಸ್ಟ್ ಎಂಡ್ ಹೋಟೆಲು 1887ರಲ್ಲಿ ಆರಂಭವಾದದ್ದು ಬ್ರಾನ್ಸನ್ ಎಂಬ ಆಂಗ್ಲ ಮಹಿಳೆ ನಡೆಸುತ್ತಿದ್ದ ಹತ್ತು ಕೋಣೆಗಳ ವಸತಿಗೃಹವಾಗಿ. ಈಗಿನ ಅಪಾರ್ಟ್‌ಮೆಂಟಿನ ವಿಶೇಷವೆಂದರೆ ಅದರೊಳಗಿನ ಅಡುಗೆಮನೆ. ನಡುಮನೆ, ಮಲಗುವ ಕೋಣೆ, ಬಟ್ಟೆ ಒಗೆಯುವ ಯಂತ್ರ ಎಲ್ಲವೂ ಇದ್ದು, ಕಸ ಗುಡಿಸುವುದು, ಹಾಸಿಗೆ ಹಾಸುವುದು ಮಾತ್ರ ಹೋಟೆಲಿನವರ ಪಾಲು. ದಿನದ ಬಾಡಿಗೆ 7,500 ರೂಪಾಯಿ ಮೀರಿದರೆ ಅದರ ಮೇಲೆ ಶೇಕಡಾ 18ರಷ್ಟು ತೆರಿಗೆಯೂ ಉಂಟು. ಮಠದ ಉಚಿತ ಪ್ರಸಾದ ನಿಲಯದಲ್ಲಿ ಚಾಪೆಯ ಮೇಲೆ ಮಲಗಿ ಓದಿದ ನನಗೆ ಆ ಲೆಕ್ಕ ಕೇಳಿಯೇ ಮೊದಲ ರಾತ್ರಿ ನಿದ್ರೆ ಬರಲಿಲ್ಲ!

ನಮ್ಮಂತಹ ಕುಟುಂಬಗಳಿಗೆ ಆ ಅಡುಗೆಮನೆಯೇ ದೊಡ್ಡ ಅನುಕೂಲ. ಆದರೆ ಅಲ್ಲಿ ಬೆಂಕಿಯಿಲ್ಲ, ಇಂಡಕ್ಷನ್ ಒಲೆ. ಮನೆಯವರು ಊರಿನಿಂದ ಹೊತ್ತು ತಂದಿದ್ದ ಹಿತ್ತಾಳೆಯ ಪಾತ್ರೆ ಅದರ ಮೇಲೆ ಬಿಸಿಯಾಗಲೇ ಇಲ್ಲ. ಅಯಸ್ಕಾಂತ ಅಂಟುವ ತಳದ ಪಾತ್ರೆಯೇ ಆಗಬೇಕಂತೆ. ಹೊಗೆಯ ಸುಳಿವು ಸಿಕ್ಕರೆ ಕೂಗುವ ಉಪಕರಣ ಮಾಳಿಗೆಯಲ್ಲಿದ್ದುದರಿಂದ ಧೂಪವನ್ನೂ ಬಿಟ್ಟೆವು. ಇಷ್ಟಲಿಂಗ ಪೂಜೆಗೆ ಅದರಿಂದ ಯಾವ ಕೊರತೆಯೂ ಆಗಲಿಲ್ಲ. ಅಂಗೈಯೇ ಪೀಠವಾಗಿರುವಾಗ ಏಳನೆಯ ಅಂತಸ್ತಾದರೇನು, ಹಟ್ಟಿಯ ಜಗುಲಿಯಾದರೇನು?

ಪ್ರತಿದಿನ ಹನ್ನೊಂದು ಗಂಟೆಗೆ ಕೋಣೆ ಶುಚಿಗೊಳಿಸಲು ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಬರುತ್ತಿದ್ದಳು. ಮಾತನಾಡಿಸಲಾಗಿ, ಅವಳ ಊರು ಪಿಲ್ಲಗುಂಪೆಯ ಮಗ್ಗುಲಲ್ಲೇ ಎಂದು ತಿಳಿಯಿತು. ಅವಳ ಮಾವನವರ ರಾಗಿಹೊಲ ಈಗ ಕಾರ್ಖಾನೆಯ ಅಂಗಳವಾಗಿದೆಯಂತೆ. ನಮ್ಮ ಹುಡುಗ ಬೆಳಿಗ್ಗೆ ಕಾರಿನಲ್ಲಿ ಅವಳ ಊರಿನತ್ತ ಹೋಗುವನು. ಅವಳು ನಾಲ್ಕಕ್ಕೇ ಎದ್ದು ಎರಡು ಬಸ್ಸು ಬದಲಿಸಿ ಅವನ ಹಾಸಿಗೆ ಹಾಸಲು ಇತ್ತ ಬರುವಳು. ಕೇಳಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ.

ಸೋಮವಾರ ಹೋಳಿಗೆ ಮಾಡಿದ್ದೆವು. ಬಾಗಿಲಿಗೆ ಬಂದವರನ್ನು ಉಣಿಸದೆ ಕಳುಹಿಸುವ ರೂಢಿ ನಮ್ಮಲ್ಲಿಲ್ಲವಷ್ಟೆ. ಎಲೆ ಹಾಕಿ ಕರೆದರೆ, ಅವಳು ಕೈಮುಗಿದು ಹಿಂದೆ ಸರಿದಳು. ಅತಿಥಿಗಳ ಕೋಣೆಯಲ್ಲಿ ಕೂತು ಉಣ್ಣುವಂತಿಲ್ಲ; ಕಟ್ಟಿಕೊಂಡು ಹೋದರೆ ಹೊರಬಾಗಿಲಲ್ಲಿ ಚೀಲ ತಪಾಸಣೆಯಾಗುತ್ತದೆ ಎಂದಳು. ನನಗೆ ಸಿಟ್ಟು ಬಂದಿತು. ಅನ್ನ ನೀಡಲೂ ಅಪ್ಪಣೆಯೇ ಎಂದು ಮೇಲ್ವಿಚಾರಕರನ್ನು ಕರೆಸಿದೆ. ಆ ತರುಣ ಸಮಾಧಾನದಿಂದಲೇ ವಿವರಿಸಿದನು. ಅತಿಥಿಯ ವಸ್ತು ಕಾಣೆಯಾದರೆ ಮೊದಲ ಅನುಮಾನ ಬೀಳುವುದು ಇವರ ಮೇಲೆ. ಆದ್ದರಿಂದ ಏನು ಕೊಟ್ಟರೂ ಕೋಣೆಯ ಸಂಖ್ಯೆ ನಮೂದಿಸಿ, ಸಹಿ ಮಾಡಿ ಚೀಟಿ ಕೊಡಬೇಕು. ಆ ಚೀಟಿಯೇ ಅವಳಿಗೆ ರಕ್ಷೆ. ನನ್ನ ಸಿಟ್ಟು ಇಳಿಯಿತು, ಸ್ವಲ್ಪ ನಾಚಿಕೆಯೂ ಆಯಿತು. ಚೀಟಿಯಿಲ್ಲದೆ ಹೋಳಿಗೆಯನ್ನು ಅವಳ ಚೀಲಕ್ಕೆ ತುರುಕಿದ್ದರೆ ನನ್ನ ದಾಸೋಹದ ಹೆಮ್ಮೆ ಅವಳ ಅನ್ನಕ್ಕೇ ಕಲ್ಲು ಹಾಕುತ್ತಿತ್ತು.

ಇಂತಹ ಕಡೆ ತಂಗುವ ನಮ್ಮ ಬಂಧುಗಳು ಈ ಕ್ರಮವನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಸೋದರಳಿಯನ ಹೆಂಡತಿ ಕನ್ನಡದಲ್ಲಿಯೇ ಚೀಟಿ ಬರೆದಳು: ಹೋಳಿಗೆ ಎಂಟು, ತುಪ್ಪ ಒಂದು ಬಟ್ಟಲು, ನಾವಾಗಿ ಕೊಟ್ಟದ್ದು. ಕಾವಲಿನವನು ಅದನ್ನು ಎರಡು ಸಲ ಓದಿ, ನಕ್ಕು, ಚೀಲವನ್ನು ಬಿಟ್ಟನಂತೆ. ಅವರು ಅಲ್ಲಿದ್ದಷ್ಟು ಕಾಲ ಪ್ರತಿ ಸೋಮವಾರ ಒಂದು ಚೀಟಿ ಹೋಗುತ್ತಿತ್ತೆಂದು ಆಮೇಲೆ ತಿಳಿಯಿತು.