ನಿಮಗಿದು ಗೊತ್ತೆ? ಫುಟ್‌ಬಾಲಿನಲ್ಲೊಂದು ಒಡೆಯದ ಗ್ರೂಪ್

ಹಳೆಯ ಮಾದರಿಯ ಕಪ್ಪು-ಬಿಳುಪು ಫುಟ್‌ಬಾಲನ್ನು ಕೈಗೆತ್ತಿಕೊಳ್ಳಿ. ಅದರ 12 ಕಪ್ಪು ಪಂಚಕೋನಗಳಲ್ಲಿ ಯಾವುದನ್ನು ಬೇಕಾದರೂ ಮೇಲೆ ತಂದು, 5 ಬಗೆಯಲ್ಲಿ ಕೂರಿಸಬಹುದು. ಚೆಂಡು ಮೊದಲಿದ್ದಂತೆಯೇ ಕಾಣುತ್ತದೆ. ಒಟ್ಟು 60 ತಿರುವುಗಳು. ಗಣಿತಜ್ಞರಿಗೆ ಇದೊಂದು 'ಗ್ರೂಪ್'. ಪಂಚಕೋನವೊಂದನ್ನು ಮೇಲೆಯೇ ಇಟ್ಟು ತಿರುಗಿಸುವ 5 ತಿರುವುಗಳು ಅದರೊಳಗಿನ ಉಪಗ್ರೂಪ್. ಅಂಥವು ಇನ್ನೂ ಹಲವಿವೆ. ಆದರೆ ಇಡೀ ಗ್ರೂಪನ್ನು ಒಡೆಯಬಲ್ಲ 'ನಾರ್ಮಲ್' ಉಪಗ್ರೂಪ್ ಮಾತ್ರ ಇಲ್ಲ. ಅವಿಭಾಜ್ಯ ಸಂಖ್ಯೆಯಂತೆ ಒಡೆಯಲಾಗದ ಇಂಥವೇ 'ಸರಳ' ಗ್ರೂಪುಗಳು.

ಪರಿಮಿತ ಸರಳ ಗ್ರೂಪುಗಳನ್ನೆಲ್ಲ ಕುಟುಂಬಗಳಾಗಿ ವಿಂಗಡಿಸುವ ವರ್ಗೀಕರಣದ ಪುರಾವೆಯಲ್ಲಿ ಉಳಿದಿದ್ದ ದೊಡ್ಡ ಕೊಂಡಿ ಬೆಸೆದದ್ದು 2004ರಲ್ಲಿ. ಯಾವ ಕುಟುಂಬಕ್ಕೂ ಸೇರದ 26 ಒಂಟಿಗಳಲ್ಲಿ ಅತಿ ದೊಡ್ಡದು 'ಮಾನ್‌ಸ್ಟರ್'. ಅದರ ಸದಸ್ಯರ ಎಣಿಕೆಯೇ 54 ಅಂಕಿಗಳಷ್ಟು ಉದ್ದ! ಅದನ್ನು ಗಣಿತಜ್ಞ ರಾಬರ್ಟ್ ಗ್ರೀಸ್ 1980ರಲ್ಲಿ ಕಟ್ಟಿ ತೋರಿಸಿದರು, ಕಂಪ್ಯೂಟರಿನ ನೆರವಿಲ್ಲದೆ, ಬರೀ ಕೈಲೆಕ್ಕದಲ್ಲಿ.