ಹಿಟ್ಟಿನ ಗಿರಣಿಯಲ್ಲಿ ಹುಟ್ಟಿದ ಟಿಕ್ ಸದ್ದು

ಬಿದ್ದ ವಸ್ತುವನ್ನು ಹೆಕ್ಕಿ ತಂದು ಒಡೆಯನ ಕೈಗೊಪ್ಪಿಸಲು ನಾಯಿಗೆ ಕಲಿಸುವವರು ಈಗ ಕ್ಲಿಕ್ಕರ್ ಎಂಬ ಪುಟ್ಟ ಡಬ್ಬಿಯನ್ನು ಬಳಸುತ್ತಾರೆ. ಅದನ್ನು ಒತ್ತಿದರೆ ಒಳಗಿನ ಲೋಹದ ಪಟ್ಟಿ ಟಿಕ್ ಎನ್ನುತ್ತದೆ, ಬೆನ್ನಿಗೇ ನಾಯಿಗೆ ಒಂದು ಚೂರು ತಿನಿಸು ಸಿಗುತ್ತದೆ. ಈ ಪದ್ಧತಿಯ ಮೂಲ ಹುಡುಕುತ್ತ ಹೋದರೆ ಎದುರಾಗುವುದು ಪಾರಿವಾಳ. 1943ರಲ್ಲಿ, ಯುದ್ಧದ ನಡುವೆ, ಅಮೆರಿಕದ ಮಿನಿಯಾಪೊಲಿಸ್‌ನ ಜನರಲ್ ಮಿಲ್ಸ್ ಕಂಪನಿಯ ಹಿಟ್ಟಿನ ಗಿರಣಿಯ ಮೇಲಂತಸ್ತಿನಲ್ಲಿ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಮತ್ತು ಅವರ ಸಂಗಡಿಗರು ಬಾಂಬನ್ನು ಗುರಿಯತ್ತ ನಡೆಸಲು ಪಾರಿವಾಳಗಳನ್ನು ತಯಾರು ಮಾಡುತ್ತಿದ್ದರು. ಒಂದು ದಿನ ಬಿಡುವಿನಲ್ಲಿ, ಪಾರಿವಾಳಕ್ಕೆ ಬೌಲಿಂಗ್ ಕಲಿಸೋಣ ಎಂದು ಹೊರಟರು. ಹಕ್ಕಿಯ ಮುಂದೆ ಮರದ ಚೆಂಡಿಟ್ಟು, ಅದು ಕೊಕ್ಕಿನಿಂದ ಚೆಂಡನ್ನು ಬದಿಗೆ ತಳ್ಳಿದೊಡನೆ ಕಾಳು ಕೊಡಬೇಕೆಂದು ಸ್ವಿಚ್ಚಿನ ಮೇಲೆ ಕೈಯಿಟ್ಟು ಕಾದರು. ಹಕ್ಕಿ ಏನೂ ಮಾಡಲಿಲ್ಲ. ಕಾದು ಬೇಸತ್ತು, ಅದು ಚೆಂಡಿನತ್ತ ನೋಡಿದರೂ ಸಾಕು, ಕಾಳು ಕೊಡೋಣ ಎಂದುಕೊಂಡರು. ನೋಟಕ್ಕೆ ಕಾಳು, ಆಮೇಲೆ ಹತ್ತಿರ ಬಂದದ್ದಕ್ಕೆ ಕಾಳು, ಆಮೇಲೆ ಕೊಕ್ಕು ತಾಗಿದ್ದಕ್ಕೆ. ಕೆಲವೇ ನಿಮಿಷಗಳಲ್ಲಿ ಚೆಂಡು ಪೆಟ್ಟಿಗೆಯ ಗೋಡೆಗಳಿಗೆ ಬಡಿದು ಹಾರಾಡತೊಡಗಿತು.

ಸ್ಕಿನ್ನರ್ ಜೊತೆ ಅಲ್ಲಿ ದುಡಿದವರಲ್ಲಿ ಕೆಲ್ಲರ್ ಬ್ರೆಲ್ಯಾಂಡ್ ಮತ್ತು ಅವರ ಪತ್ನಿ ಮೇರಿಯನ್ ಎಂಬ ಯುವ ದಂಪತಿ ಇದ್ದರು. ಅವರ ಕೊಡುಗೆಗೆ ಸಲ್ಲಬೇಕಾದ ಮನ್ನಣೆ ಇಂದಿಗೂ ಸಂದಿಲ್ಲ ಎಂಬುದೇ ನನ್ನ ಮುಖ್ಯ ತಕರಾರು. ವಿಶ್ವವಿದ್ಯಾಲಯದ ದಾರಿ ಬಿಟ್ಟು ಅವರು ಆನಿಮಲ್ ಬಿಹೇವಿಯರ್ ಎಂಟರ್‌ಪ್ರೈಸಸ್ ಎಂಬ ಸಂಸ್ಥೆ ಕಟ್ಟಿದರು. ಮುಂದೆ ಅರ್ಕಾನ್ಸಾಸ್‌ನ ಹಾಟ್ ಸ್ಪ್ರಿಂಗ್ಸ್‌ಗೆ ಹೋಗಿ 1955ರಲ್ಲಿ ‘ಐಕ್ಯೂ ಜೂ’ ತೆರೆದರು. ಕೋಳಿ, ಹಂದಿ, ಮೊಲ, ರಕೂನ್ ಎಂದು ಆ ಸಂಸ್ಥೆಯಲ್ಲಿ ಕಲಿತ ಜಾತಿಗಳೇ ನೂರಕ್ಕೂ ಹೆಚ್ಚು. ದೂರದಲ್ಲಿರುವ ಪ್ರಾಣಿ ಸರಿಯಾದದ್ದನ್ನು ಮಾಡಿದ ಕ್ಷಣಕ್ಕೂ ಅದರ ಬಾಯಿಗೆ ತಿನಿಸು ಸೇರುವ ಕ್ಷಣಕ್ಕೂ ನಡುವಿನ ಅಂತರವನ್ನು ಒಂದು ಸದ್ದು ತುಂಬಬಲ್ಲದು ಎಂಬುದನ್ನು ಅವರು ದಿನದ ದುಡಿಮೆಯಲ್ಲೇ ಕಂಡುಕೊಂಡರು. ಸ್ಕಿನ್ನರ್ ಕೂಡ 1951ರ ಡಿಸೆಂಬರ್‌ನಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಸಾಮಾನ್ಯ ಓದುಗರಿಗೆ ಇದೇ ವಿಷಯವನ್ನು ವಿವರಿಸಿ, ಮಕ್ಕಳ ಆಟಿಕೆಯಾದ ‘ಕ್ರಿಕೆಟ್’ ಎಂಬ ಟಿಕ್‌ಟಿಕ್ ಡಬ್ಬಿಯಿಂದ ನಾಯಿಗೆ ಪಾಠ ಕಲಿಸಬಹುದು ಎಂದು ಬರೆದರು. ಆಗಲೇ ಎಲ್ಲವೂ ಸಿದ್ಧವಿತ್ತು. ಆದರೂ ನಾಯಿಯ ಜಗತ್ತು ಕಿವಿಗೊಡಲಿಲ್ಲ.

ಕಿವಿಗೊಡದ ಆ ದಶಕಗಳಲ್ಲಿ ಹೆಕ್ಕಿ ತರುವುದನ್ನು ಹೇಗೆ ಕಲಿಸುತ್ತಿದ್ದರು? ಅಮೆರಿಕದ ಬೇಟೆನಾಯಿಗಳ ತರಬೇತಿಯಲ್ಲಿ ಬೇರೂರಿದ್ದ ಕ್ರಮವೆಂದರೆ ಕಿವಿ ಹಿಂಡುವುದು. ನಾಯಿಯ ಕಿವಿಯನ್ನು ಕೊರಳಪಟ್ಟಿಗೆ ಒತ್ತಿ ಹಿಂಡಬೇಕು, ನೋವಿಗೆ ಅದು ಬಾಯಿ ತೆರೆದೊಡನೆ ಮರದ ಡಂಬೆಲ್ ಒಳಗಿಡಬೇಕು, ಹಲ್ಲು ಹಿಡಿದ ಕ್ಷಣ ಹಿಂಡುವುದನ್ನು ನಿಲ್ಲಿಸಬೇಕು. ಕೆಲವರು ಕಾಲ್ಬೆರಳಿಗೆ ದಾರ ಬಿಗಿದು ಎಳೆಯುತ್ತಿದ್ದರು. ಡಂಬೆಲ್ ಬಾಯಲ್ಲಿದ್ದರೆ ನೋವಿಲ್ಲ ಎಂಬುದನ್ನು ನಾಯಿ ಬೇಗ ಕಲಿಯುತ್ತದೆ. ಇಲ್ಲಿ ಗಮನಿಸಬೇಕಾದ್ದು ಒಂದಿದೆ: ಈ ಕ್ರಮ ಫಲಿಸುವುದೂ ಕ್ಷಣದ ನಿಖರತೆಯಿಂದಲೇ. ಹಲ್ಲು ಕಚ್ಚಿದ ಮೇಲೆ ಎರಡು ಸೆಕೆಂಡು ತಡವಾಗಿ ಕಿವಿ ಬಿಟ್ಟರೆ ಪಾಠ ಕೆಡುತ್ತದೆ. ಅಂದರೆ ಹಿಂಡುವ ಕೈಗೂ ಟಿಕ್ ಒತ್ತುವ ಕೈಗೂ ಬೇಕಾದ ಕೌಶಲ ಒಂದೇ. ಅದೇ ಕೌಶಲವನ್ನು ನೋವಿಲ್ಲದೆ ಬಳಸುವ ದಾರಿ 1951ರಲ್ಲೇ ಅಚ್ಚಾಗಿತ್ತು ಎಂದಾಗ, ಆಮೇಲಿನ ನಾಲ್ಕು ದಶಕಗಳ ನೋವು ನಾಯಿಗಳಿಗೆ ಅನಗತ್ಯವಾಗಿತ್ತು ಎಂದೇ ಹೇಳಬೇಕಾಗುತ್ತದೆ.

ಟಿಕ್ ಸದ್ದಿನ ಪಾಠ ನಡೆಯುವ ಬಗೆ ನೋಡಿ. ಮೊದಲು ಸದ್ದಿಗೊಂದು ಬೆಲೆ ಬರಬೇಕು: ಟಿಕ್, ತಿನಿಸು, ಟಿಕ್, ತಿನಿಸು. ಸದ್ದು ಕೇಳಿದ ನಾಯಿ ತಿನಿಸಿಗಾಗಿ ಕತ್ತು ತಿರುಗಿಸಿದರೆ ಈ ಹಂತ ಮುಗಿಯಿತು. ಆಮೇಲೆ ಡಂಬೆಲ್ ಮುಂದಿಡುವುದು. ನೋಡಿದರೆ ಟಿಕ್, ಮೂಗು ತಾಗಿದರೆ ಟಿಕ್. ಮೂಗು ತಾಗಿಸುವುದು ರೂಢಿಯಾದ ಮೇಲೆ ಅದಕ್ಕೆ ಟಿಕ್ ಬರುವುದಿಲ್ಲ. ಸದ್ದು ಬರಲಿಲ್ಲವೆಂದು ನಾಯಿ ಇನ್ನಷ್ಟು ಜೋರಾಗಿ ಪ್ರಯತ್ನಿಸುತ್ತದೆ, ಆ ಭರದಲ್ಲಿ ಬಾಯಿ ತೆರೆಯುತ್ತದೆ. ಆ ಕ್ಷಣಕ್ಕೆ ಟಿಕ್. ಕಷ್ಟ ಶುರುವಾಗುವುದು ಇದರ ನಂತರ. ಟಿಕ್ ಕೇಳಿದರೆ ಕೆಲಸ ಮುಗಿಯಿತು ಎಂದು ಕಲಿತಿರುವ ನಾಯಿ ಸದ್ದಾದೊಡನೆ ಡಂಬೆಲ್ ಕೆಡವಿ ತಿನಿಸಿನತ್ತ ಓಡುತ್ತದೆ. ಅನೇಕರು ಕೈಚೆಲ್ಲುವುದು ಇಲ್ಲೇ. ಬಲ್ಲವರು ಟಿಕ್ ಅನ್ನು ಅರ್ಧ ಸೆಕೆಂಡು, ಒಂದು ಸೆಕೆಂಡು, ಎರಡು ಸೆಕೆಂಡು ಎಂದು ಮುಂದೂಡುತ್ತಾರೆ. ಕೆಡವುವ ಮುನ್ನ ಹಿಡಿದಿದ್ದ ಹೊತ್ತೇ ಬಹುಮಾನಕ್ಕೆ ಅರ್ಹವೆಂದು ನಾಯಿಗೆ ಹೊಳೆಯುತ್ತದೆ. ಹಿಡಿಯುವುದು, ಒಡೆಯನ ಕೈಗೆ ಕೊಡುವುದು ಗಟ್ಟಿಯಾದ ಮೇಲೆ ಒಂದು ಹೆಜ್ಜೆ ದೂರದಿಂದ ತರಿಸುವುದು, ಆಮೇಲೆ ಹತ್ತು ಹೆಜ್ಜೆ, ಎಸೆಯುವುದು ಕಟ್ಟಕಡೆಗೆ. ಹೀಗೆ ಕೊನೆಯ ಕೊಂಡಿಯಿಂದ ಹಿಂದಕ್ಕೆ ಪೋಣಿಸುತ್ತ ಹೋಗುವುದರಿಂದ, ನಾಯಿ ಪ್ರತಿ ಸಲವೂ ಗೊತ್ತಿಲ್ಲದ್ದರಿಂದ ಹೊರಟು ಚೆನ್ನಾಗಿ ಗೊತ್ತಿರುವ ಕಡೆಗೆ ಬರುತ್ತದೆ.

ಈ ವಿದ್ಯೆ ನಾಯಿಗೆ ತಲುಪಿದ್ದು ಸಮುದ್ರದ ಮೂಲಕ. ಡಾಲ್ಫಿನ್‌ಗೆ ಸರಪಳಿ ಹಾಕಲಾಗದು, ಕಿವಿ ಹಿಂಡಲಾಗದು. ಬೇಡವೆನಿಸಿದರೆ ಅದು ಈಜಿ ದೂರ ಹೋಗುತ್ತದೆ. ಅಲ್ಲಿ ಸೀಟಿಯ ಸದ್ದೂ ಮೀನೂ ಮಾತ್ರ ನಡೆಯುತ್ತವೆ. 1963ರಲ್ಲಿ ಹವಾಯಿಯ ಸೀ ಲೈಫ್ ಪಾರ್ಕ್‌ನಲ್ಲಿ ಡಾಲ್ಫಿನ್ ತರಬೇತಿಗಿಳಿದ ಕ್ಯಾರನ್ ಪ್ರಯರ್ 1984ರಲ್ಲಿ ‘ಡೋಂಟ್ ಶೂಟ್ ದ ಡಾಗ್’ ಪುಸ್ತಕ ಬರೆದರು. 1992ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗ್ಯಾರಿ ವಿಲ್ಕ್ಸ್ ಮುಂತಾದವರೊಡನೆ ಅವರು ನಡೆಸಿದ ಕಾರ್ಯಾಗಾರದ ನಂತರ ಕ್ಲಿಕ್ಕರ್ ನಾಯಿ ಸಾಕುವವರ ಜೇಬು ಸೇರಿತು. ಅದಕ್ಕೆ ಎರಡು ವರ್ಷ ಮೊದಲೇ, 1990ರಲ್ಲಿ, ಬ್ರೆಲ್ಯಾಂಡರ ಸಂಸ್ಥೆ ಬಾಗಿಲು ಮುಚ್ಚಿತ್ತು. ಕೆಲ್ಲರ್ 1965ರಲ್ಲೇ ತೀರಿಕೊಂಡಿದ್ದರು.

ಮರೆವಿನಲ್ಲಿ ಕಳೆದದ್ದು ಅವರ ಹೆಸರು ಮಾತ್ರವಾಗಿದ್ದರೆ ಇಷ್ಟು ಬೇಸರಪಡಬೇಕಿರಲಿಲ್ಲ. ಹೆಕ್ಕಿ ತರುವ ಪಾಠಕ್ಕೆ ತೀರ ಹತ್ತಿರದ ಎಚ್ಚರಿಕೆಯೊಂದನ್ನು ಅವರು 1961ರಲ್ಲಿ ಬರೆದಿಟ್ಟಿದ್ದರು. ಗುರು ಸ್ಕಿನ್ನರ್‌ರ ಪುಸ್ತಕದ ಶೀರ್ಷಿಕೆಯನ್ನೇ ತಿರುಚಿ ‘ದ ಮಿಸ್‌ಬಿಹೇವಿಯರ್ ಆಫ್ ಆರ್ಗನಿಸಮ್ಸ್’ ಎಂದು ಹೆಸರಿಟ್ಟ ಆ ಲೇಖನ ಗುರುವಿನ ಪಂಥದೊಡನೆ ನೇರ ಜಗಳಕ್ಕಿಳಿಯಿತು. ನಾಣ್ಯವನ್ನು ಪೆಟ್ಟಿಗೆಗೆ ಹಾಕಲು ಕಲಿತ ರಕೂನ್ ಒಂದು ನಾಣ್ಯವನ್ನು ಹೇಗೋ ಹಾಕಿತು. ಎರಡು ಕೊಟ್ಟಾಗ ಹಾಕದೆ ಒಂದಕ್ಕೊಂದು ಉಜ್ಜುತ್ತ, ಪೆಟ್ಟಿಗೆಗೆ ಅದ್ದಿ ತೆಗೆಯುತ್ತ ಕುಳಿತುಬಿಟ್ಟಿತು. ಮರದ ದೊಡ್ಡ ನಾಣ್ಯಗಳನ್ನು ಕಚ್ಚಿ ತಂದು ಡಬ್ಬಿಗೆ ಹಾಕುತ್ತಿದ್ದ ಹಂದಿಗಳು ಮೊದಮೊದಲು ಚುರುಕಾಗಿದ್ದವು. ಬರಬರುತ್ತ ನಾಣ್ಯವನ್ನು ದಾರಿಯಲ್ಲೇ ಕೆಡವಿ ಮೂತಿಯಿಂದ ನೆಲ ಕೆದಕುವುದು, ಮೇಲಕ್ಕೆ ಚಿಮ್ಮುವುದು ಹೆಚ್ಚಾಯಿತು. ಹಸಿವು ಹೆಚ್ಚಿಸಿದಷ್ಟೂ ಕೆದಕಾಟ ಹೆಚ್ಚಿತು. ಆಹಾರ ಹುಡುಕುವ ಹುಟ್ಟುಗುಣ ಕಲಿತದ್ದನ್ನು ತನ್ನತ್ತ ಎಳೆದುಕೊಳ್ಳುತ್ತದೆ ಎಂದು ಬ್ರೆಲ್ಯಾಂಡರು ತೀರ್ಮಾನಿಸಿದರು. ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ, ನೀರಿನಲ್ಲಿ ದುಡಿಯುತ್ತಿದ್ದ ನಾಯಿಗಳ ವಂಶದ ಲ್ಯಾಬ್ರಡಾರ್ ಬಾಯಲ್ಲಿ ಹಿಡಿದು ತರುವುದನ್ನು ಬೇಗ ಕಲಿಯುವುದೂ, ಕಣ್ಣಿಗೆ ಬಿದ್ದದ್ದನ್ನು ಅಟ್ಟಲೆಂದೇ ಬೆಳೆಸಿದ ನಾಯಿ ಡಂಬೆಲ್ಲನ್ನು ಕೊಡವಿ ಬಿಸಾಡುವುದೂ ಇದೇ ಕಾರಣಕ್ಕೆ. ಟಿಕ್ ಸದ್ದು ನಾಯಿಯ ಹುಟ್ಟುಗುಣವನ್ನು ಅಳಿಸುವುದಿಲ್ಲ. ಅದರೊಳಗಿಂದ ಬೇಕಾದ್ದನ್ನು ಆರಿಸಿ ತೋರಿಸಬಲ್ಲದು, ಅಷ್ಟೇ.

ಸದ್ದೇ ಬೇಕೆ, ಬಾಯಿಮಾತು ಸಾಲದೆ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆಗೆ ಆಧಾರವಿದೆ. 2016ರಲ್ಲಿ ಪ್ರಕಟವಾದ ಇಟಲಿಯ ಸಂಶೋಧಕರ ಅಧ್ಯಯನದಲ್ಲಿ 51 ನಾಯಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಕ್ಲಿಕ್ಕರ್, ಒಂದಕ್ಕೆ ಮಾತು, ಒಂದಕ್ಕೆ ಬರೀ ತಿನಿಸು ಬಳಸಿ ಹೊಸ ಕೆಲಸ ಕಲಿಸಿದಾಗ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪಿದರೆ ನನ್ನ ವಾದಕ್ಕೆ ಬಲವೇ ಬರುತ್ತದೆ. ಗಿರಣಿಯ ಮೇಲಂತಸ್ತಿನಲ್ಲಿ ಅಂದು ದೊರೆತದ್ದು ಡಬ್ಬಿಯಲ್ಲ, ಪೂರ್ತಿ ಕೆಲಸಕ್ಕಾಗಿ ಕಾಯದೆ ಅದರತ್ತ ಇಟ್ಟ ಚಿಕ್ಕ ಹೆಜ್ಜೆಗೂ ಬೆಲೆ ಕೊಡಬೇಕೆಂಬ ತಿಳಿವು. ಅದನ್ನು ಮರೆತು ಡಬ್ಬಿ ಮಾತ್ರ ಮಾರಿದರೆ, ಕೊಂಡವರು ನಾಲ್ಕು ದಿನ ಟಿಕ್ ಎನಿಸಿ ಮೂಲೆಗೆಸೆಯುತ್ತಾರೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ತಿನಿಸಿಗಾಗಿ ತರುವ ನಾಯಿ ಹೊಟ್ಟೆ ತುಂಬಿದಾಗ ತರದು, ನೋವಿನಿಂದ ಕಲಿತದ್ದು ಯಾವಾಗಲೂ ತಂದೇ ತರುತ್ತದೆ ಎಂದು ಕಿವಿ ಹಿಂಡುವವರು ಹೇಳುತ್ತಾರೆ. ಹಾಗಿದ್ದರೆ ಬ್ರೆಲ್ಯಾಂಡರ ಪ್ರಾಣಿಗಳು ಸಂತೆ, ಪ್ರದರ್ಶನಗಳಲ್ಲಿ ವರ್ಷಗಟ್ಟಲೆ, ದಿನಕ್ಕೆ ಹಲವು ಬಾರಿ, ತರಬೇತುದಾರರು ಎದುರಿಲ್ಲದೆಯೂ ಕೆಲಸ ಮಾಡಿದ್ದು ಹೇಗೆ? ಕಲಿಕೆ ನೆಲೆಯೂರಿದ ಮೇಲೆ ಪ್ರತಿ ಸಲ ತಿನಿಸು ಕೊಡಬೇಕಿಲ್ಲ. ಆಗೊಮ್ಮೆ ಈಗೊಮ್ಮೆ ಸಿಗುವ ಬಹುಮಾನವೇ ಅಭ್ಯಾಸವನ್ನು ಹೆಚ್ಚು ಕಾಲ ಹಿಡಿದಿಡುತ್ತದೆ ಎಂಬುದು ಸ್ಕಿನ್ನರ್‌ರ ಪ್ರಯೋಗಾಲಯದಲ್ಲಿ ಪದೇ ಪದೇ ಕಂಡ ಸಂಗತಿ. ನೋವಿಗೆ ತೆರಬೇಕಾದ ಬೆಲೆಯೂ ಇದೆ. 2020ರಲ್ಲಿ ಪ್ರಕಟವಾದ ಪೋರ್ಚುಗಲ್‌ನ ಅಧ್ಯಯನವೊಂದು 92 ನಾಯಿಗಳನ್ನು ಗಮನಿಸಿ, ಶಿಕ್ಷೆಯನ್ನೇ ಹೆಚ್ಚು ಬಳಸುವ ಶಾಲೆಗಳ ನಾಯಿಗಳ ಜೊಲ್ಲಿನಲ್ಲಿ ತರಬೇತಿಯ ನಂತರ ಒತ್ತಡದ ಹಾರ್ಮೋನು ಏರಿದ್ದನ್ನು ಕಂಡಿತು. ಕೆಲವು ನಾಯಿಗಳು ಕಿವಿ ಹಿಂಡಿಸಿಕೊಂಡೂ ಚೆನ್ನಾಗಿ ತರುತ್ತವೆ, ನಿಜ. ಆದರೆ ಅದೇ ಕೆಲಸ ನೋವಿಲ್ಲದೆಯೂ ಆಗುತ್ತದೆಂದು ಗೊತ್ತಿರುವಾಗ, ನೋವು ಏಕೆ ಬೇಕೆಂದು ತೋರಿಸಿಕೊಡುವ ಹೊಣೆ ಹಿಂಡುವವರದು. ಎಪ್ಪತ್ತು ವರ್ಷ ಕಳೆದರೂ ಅವರು ಮುಂದಿಡುವುದು ‘ನಾವು ಹೀಗೇ ಮಾಡಿಕೊಂಡು ಬಂದಿದ್ದೇವೆ’ ಎಂಬ ಮಾತನ್ನೇ. ನಾಯಿಯ ಕಿವಿ ಹಿಡಿಯಲು ಅಷ್ಟು ಸಾಲದು.