ಸ್ಟ್ರಿಂಗಿನೊಳಗಣ ಹುಡುಕಾಟ: ತಪ್ಪು ಕಲ್ಪನೆ ಮತ್ತು ಸತ್ಯ

ಪೈಥಾನಿನಲ್ಲಿ ಒಂದು ಸ್ಟ್ರಿಂಗಿನೊಳಗೆ ಮತ್ತೊಂದನ್ನು ಹುಡುಕುವುದು ಕಲಿಕೆಯ ಆರಂಭದಲ್ಲಿಯೇ ಕೈವಶವಾಗುವ ವಿದ್ಯೆಯಾದುದರಿಂದ, ಅದನ್ನು ಕುರಿತ ಭ್ರಮೆಗಳು ಪರೀಕ್ಷೆಗೆ ಒಳಗಾಗದೆ ಬಹುಕಾಲ ಉಳಿದುಬಿಡುತ್ತವೆ. ಅಂತಹ ನಾಲ್ಕನ್ನು ಇಲ್ಲಿ ವಿಚಾರಿಸೋಣ.

ಕಲ್ಪನೆ: ಫೈಂಡ್ 'ಉಂಟು' ಅಥವಾ 'ಇಲ್ಲ' ಎಂದು ಉತ್ತರಿಸುತ್ತದೆ.

ಸತ್ಯ: ಅದು ಹೇಳುವುದು ಸ್ಥಾನವನ್ನು. ಎಣಿಕೆ ಸೊನ್ನೆಯಿಂದ ಮೊದಲಾಗುವುದರಿಂದ, 'ಮೈಸೂರು ದಸರಾ' ಎಂಬಲ್ಲಿ 'ಮೈಸೂರು' ಹುಡುಕಿದರೆ ದೊರೆಯುವುದು 0. 'ಹಂಪಿ' ಹುಡುಕಿದರೆ -1. ಇಫ್ ಎಂಬುದು ಸೊನ್ನೆಯನ್ನು ಅಸತ್ಯವೆಂದೂ ಉಳಿದೆಲ್ಲ ಸಂಖ್ಯೆಗಳನ್ನು ಸತ್ಯವೆಂದೂ ಗಣಿಸುವ ಕಾರಣ, ಈ ಉತ್ತರವನ್ನು ನೇರವಾಗಿ ಅದಕ್ಕೆ ಒಪ್ಪಿಸಿದವನ ಪಾಲಿಗೆ ಇರುವ ಮೈಸೂರು ಇಲ್ಲವಾಗಿ, ಇಲ್ಲದ ಹಂಪಿ ಉಂಟಾಗುತ್ತದೆ. ಇರವನ್ನಷ್ಟೇ ಅರಿಯಬೇಕಾದಾಗ ಇನ್ ಯೋಗ್ಯವಾದುದು. ಸಿಗದಿದ್ದರೆ ಪ್ರೋಗ್ರಾಂ ಮುಂದುವರಿಯಬಾರದೆಂದಿದ್ದಾಗ, ವ್ಯಾಲ್ಯೂಎರರ್ ಎತ್ತುವ ಇಂಡೆಕ್ಸ್.

ಕಲ್ಪನೆ: ಇನ್ ಪದಗಳನ್ನು ಹುಡುಕುತ್ತದೆ.

ಸತ್ಯ: ಅದಕ್ಕೆ ಪದವೆಂಬ ಪರಿಜ್ಞಾನವೇ ಇಲ್ಲ. ಚಿಹ್ನೆಗಳ ಅನುಕ್ರಮವೊಂದೇ ಅದಕ್ಕೆ ಪ್ರಮಾಣವಾದುದರಿಂದ, ಅರಮನೆಯಲ್ಲಿಯೂ ಸೆರೆಮನೆಯಲ್ಲಿಯೂ ಅದು 'ಮನೆ'ಯನ್ನು ಕಾಣುತ್ತದೆ. ಬಿಡಿ ಪದ ಬೇಕಾದವನು ವಾಕ್ಯವನ್ನು ಸ್ಪ್ಲಿಟ್ ಮಾಡಿ, ಅಂಟಿದ ವಿರಾಮಚಿಹ್ನೆಗಳನ್ನು ಕಳೆದು, ದೊರೆತ ಪಟ್ಟಿಯಲ್ಲಿ ಹುಡುಕತಕ್ಕದ್ದು.

ಕಲ್ಪನೆ: ಪದವನ್ನು ಹಿಡಿಯಲು ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ ಪದಸೀಮೆಯ ಗುರುತು ಸಾಕು.

ಸತ್ಯ: ಇಂಗ್ಲಿಷಿಗೆ ಸಾಕು, ಕನ್ನಡಕ್ಕೆ ಸಾಲದು. ಪೈಥಾನಿನೊಡನೆ ಬರುವ ಆರ್‌ಇ ಮಾಡ್ಯೂಲು ಅಕ್ಷರ, ಅಂಕಿ, ಅಡಿಗೆರೆಗಳನ್ನು ಮಾತ್ರ ಪದದ ಅಂಗವೆಂದು ಅಂಗೀಕರಿಸಿ ಸ್ವರಚಿಹ್ನೆಗಳನ್ನು ಹೊರಗಿಡುವುದರಿಂದ, ಎಕಾರದ ಚಿಹ್ನೆಯಲ್ಲಿ ಮುಗಿಯುವ 'ಮನೆ' ಎಂಬ ಪದವು ಒಂಟಿಯಾಗಿ ನಿಂತಿದ್ದರೂ, ಬ್ಯಾಕ್‌ಸ್ಲ್ಯಾಶ್ ಬಿ ಎಂಬ ಗುರುತನ್ನು ಎರಡು ಬದಿಗೂ ಇಟ್ಟು ಹುಡುಕಿದವನಿಗೆ ಸಿಗುವುದಿಲ್ಲ.

ಕಲ್ಪನೆ: ಕಣ್ಣಿಗೆ ಒಂದಾದುದು ಯಂತ್ರಕ್ಕೂ ಒಂದೇ.

ಸತ್ಯ: 'ಕೋಟೆ'ಯಲ್ಲಿನ ಓಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಮೂರು ಸಂಕೇತಗಳ ಸರಣಿಯಾಗಿಯೂ ಬರೆಯಬಹುದು. ರೂಪ ಅಭಿನ್ನ, ಸಂಕೇತ ಭಿನ್ನ, ಆದಕಾರಣ ಒಂದರಿಂದ ಮತ್ತೊಂದನ್ನು ಹುಡುಕಿದರೆ ಬರುವ ಉತ್ತರ 'ಇಲ್ಲ'. ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಮೂಲಕ ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ ತಂದ ಬಳಿಕವೇ ಶೋಧಿಸುವುದು ಕ್ಷೇಮ.

ಯಂತ್ರವು ಹೋಲಿಸುವುದು ಸಂಕೇತವನ್ನು, ನಾವು ಓದುವುದು ನುಡಿಯನ್ನು. ಇವೆರಡರ ನಡುವಣ ಅಂತರವನ್ನು ತುಂಬುವ ಹೊಣೆ ಪ್ರೋಗ್ರಾಂ ಬರೆಯುವವನದು. ಕನ್ನಡ ಗ್ರಂಥಗಳು ಒಂದೊಂದಾಗಿ ಗಣಕವನ್ನು ಸೇರುತ್ತಿರುವ ಈ ಕಾಲದಲ್ಲಿ, ಪುಟದಲ್ಲಿ ಕಣ್ಣೆದುರಿಗಿರುವ ಪದವನ್ನೇ ಇಲ್ಲವೆಂದು ಓದುಗನಿಗೆ ಹೇಳುವಂತಾಗಬಾರದು.